ನೀರು ಕೇಳಿದ ದನಿ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಮಡಿವಾಳೆಪ್ಪನಿಗೆ ತನ್ನ ಕಂಪ್ಯೂಟರಿನ ಮೇಲಿದ್ದ ಅಭಿಮಾನದಲ್ಲಿ ಅರ್ಧದಷ್ಟು ಹೆಂಡತಿ ಗುರವ್ವನ ಮೇಲಿದ್ದಿದ್ದರೂ ಆ ಮನೆಯಲ್ಲಿ ಜಗಳವೇ ಇರುತ್ತಿರಲಿಲ್ಲ. ಹೊಲದ ಉತಾರದ ನಕಲು ತೆಗೆಸಲು ಬಂದವರಿಗೂ, ಬಸ್ಸು ತಪ್ಪಿಸಿಕೊಂಡು ನೆರಳಿಗೆ ನಿಂತವರಿಗೂ ಅವನು ಪರದೆ ತಿರುಗಿಸಿ ತೋರಿಸುತ್ತಿದ್ದ.

"ಇಲ್ಲಿ ನೋಡ್ರಿ. ನಮ್ಮ ಸೀಮಿ ಮೊಹರಂ ರಿವಾಯತ ಪದ ಎಲ್ಲಾ ಈ ಡಬ್ಬ್ಯಾಗ ಅದಾವು. ಸವದತ್ತಿದು, ರಾಮದುರ್ಗದ್ದು, ಯಾವ್ದ ಬೇಕು ಹೇಳ್ರಿ."

ಅವು ಆ ಡಬ್ಬಿಯಲ್ಲಿ ಇರಲಿಲ್ಲ. ಧಾರವಾಡದ ವಿಜಯಾ ಮೇಡಂ ಊರೂರು ತಿರುಗಿ ಮೊಹರಂ ಹಾಡುಗಾರರನ್ನು ರೆಕಾರ್ಡ್ ಮಾಡಿ, ಎಲ್ಲೋ ದೂರದ ಸರ್ವರಿನಲ್ಲಿ ಒಂದು ಭಂಡಾರ ಮಾಡಿಟ್ಟಿದ್ದರು. ಹೋದ ವರ್ಷ ಅವರೇ ಅಂಗಡಿಗೆ ಬಂದು ಆ ಭಂಡಾರವನ್ನು ಇವನ ಕಂಪ್ಯೂಟರಿಗೆ ಜೋಡಿಸಿಕೊಟ್ಟರು. ಸಿ, ಡಿ ಎಂಬ ಡ್ರೈವುಗಳ ಪಕ್ಕದಲ್ಲಿ 'ಪದ' ಎಂಬ ಇನ್ನೊಂದು ಡ್ರೈವು ಮೂಡಿತು. ಡೌನ್‌ಲೋಡ್ ಮಾಡುವ ರಗಳೆ ಇಲ್ಲ. ತೆರೆದರೆ ಊರುಗಳ ಹೆಸರು, ಊರು ತೆರೆದರೆ ಹಾಡುಗಾರರ ಹೆಸರು. ಜಿಪ್ ಮಾಡಿ ಕಟ್ಟಿಟ್ಟ ಗಂಟುಗಳೂ ಬಿಚ್ಚುವ ಮೊದಲೇ ಸಾದಾ ಫೋಲ್ಡರಿನಂತೆ ತೆರೆಯುತ್ತಿದ್ದವು. ಮನೆಯ ಕಪಾಟಿನಲ್ಲಿ ಕೈ ಹಾಕಿದಷ್ಟು ಸಲೀಸು.

"ಇದು ಇಲ್ಲೇ ಅದ ಅನಸ್ತದ, ಆದ್ರ ಇಲ್ಲಿಲ್ರಿ," ಎಂದು ವಿಜಯಾ ಅವತ್ತೇ ಹೇಳಿದ್ದರು. "ಇಲ್ಲಿ ತಿದ್ದಿದ್ರ ಅಲ್ಲೂ ತಿದ್ದತದ, ಇಲ್ಲಿ ಅಳಿಸಿದ್ರ ಅಲ್ಲೂ ಹೋಗತದ. ಹೊಸಾ ಪದ ಸೇರಿಸಲಿಕ್ಕಂತ ನಿಮಗ ಅಧಿಕಾರ ಕೊಟ್ಟೇನಿ. ಹುಷಾರ್ರಿ."

ಮಡಿವಾಳೆಪ್ಪ ಹೂಂ ಹೂಂ ಎಂದು ತಲೆಯಾಡಿಸಿದ. ಅಷ್ಟೆಲ್ಲ ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು 'ಅಧಿಕಾರ' ಒಂದೇ.

ಆ ಭಂಡಾರದಲ್ಲಿ ಅವನ ಉಸ್ತಾದರ ಫೋಲ್ಡರೂ ಇತ್ತು. ದೊಡವಾಡದ ನಜೀರಸಾಬ ನದಾಫ. ವರ್ಷವೆಲ್ಲ ಗಾದಿ ಹೊಲಿಯುವವರು, ಮೊಹರಂ ಬಂತೆಂದರೆ ಮೇಳದ ಮುಂದಾಳು. ಮಡಿವಾಳೆಪ್ಪ ಸಣ್ಣವನಿದ್ದಾಗಿನಿಂದ ಅವರ ಹಿಂದೆ ನಿಂತು ಹಾಡಿದವನು. ಇಬ್ಬರ ದನಿ ಎಷ್ಟು ಕೂಡುತ್ತಿತ್ತೆಂದರೆ, ಯಾರು ನಿಲ್ಲಿಸಿದರು, ಯಾರು ಎತ್ತಿಕೊಂಡರು ಎಂದು ದೂರ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ಉಸ್ತಾದರು ಈ ಚಳಿಗಾಲದಲ್ಲಿ ತೀರಿಕೊಂಡರು. ಇನ್ನು ಮೇಳದ ಮುಂದೆ ನಿಲ್ಲಬೇಕಾದವನು ಮಡಿವಾಳೆಪ್ಪನೇ.

ಮೊಹರಂ ಹತ್ತಿರ ಬಂತು. ಮೇಳದವರ ಮೊಬೈಲಿಗೆ ಉಸ್ತಾದರ ಪದ ಹಾಕಿಕೊಡೋಣವೆಂದು ಅವನು 'ಪದ' ಡ್ರೈವು ತೆರೆದು, ರೆಕಾರ್ಡಿಂಗ್‌ಗಳನ್ನು ಹಸನು ಮಾಡಲು ಕುಳಿತ. ಕೆಮ್ಮು ಕತ್ತರಿಸಿದ. ಬೀದಿ ನಾಯಿಯನ್ನು ಕತ್ತರಿಸಿದ. ಒಂದು ಪದದ ಕೊನೆಗೆ ಉಸ್ತಾದರು ಉಸಿರು ಬಿಟ್ಟು, ಮೆಲ್ಲಗೆ ಒಂದು ಮಾತಾಡಿದ್ದು ಕೇಳಿತು.

"ಸುಗರಾ, ನೀರ ತಾ."

ವಿಜಯಾ ಮೇಡಂ ರೆಕಾರ್ಡ್ ಮಾಡಲು ಬಂದ ಆ ದಿನ ಅವನಿಗೆ ನೆನಪಿತ್ತು. ಉಸ್ತಾದರ ಪಡಸಾಲೆಯಲ್ಲಿ ಮೇಳವೆಲ್ಲ ಕುಳಿತಿತ್ತು, ಅವರ ಹೆಂಡತಿ ಸುಗರಾಬಿ ಒಳಗೆ ಪರದೆಯ ಹಿಂದೆ ಇದ್ದರು. ರೆಕಾರ್ಡಿಂಗ್ ಮಷೀನು ಬಂದ್ ಆಗಿದೆ ಎಂದುಕೊಂಡು ಉಸ್ತಾದರು ಹೆಂಡತಿಯನ್ನು ಹೆಸರು ಹಿಡಿದು ಕರೆದಿದ್ದರು. ಮಂದಿ ಮುಂದೆ ಹಾಗೆ ಕರೆಯುವ ರೂಢಿ ಆ ಓಣಿಯಲ್ಲಿ ಯಾರಿಗೂ ಇಲ್ಲ. ಅವರೂ ಯಾವಾಗಲೂ ಮಗನ ಹೆಸರು ಹಿಡಿದು 'ಇಸ್ರಾರನ ಅವ್ವಾ' ಎಂದೇ ಕರೆಯುವವರು. ಮೇಳವೆಲ್ಲ ಗೊಳ್ಳೆಂದು ನಕ್ಕಿತು. ಮಡಿವಾಳೆಪ್ಪನೂ ನಕ್ಕಿದ್ದ. "ಅದನ್ನ ತಗದ ಬಿಡ್ರಿ ಮೇಡಂ," ಎಂದು ಉಸ್ತಾದರು ನೆಲ ನೋಡುತ್ತ ಹೇಳಿದ್ದರು. ಅದು ಹೇಗೋ ತೆಗೆಯದೆ ಉಳಿದುಬಿಟ್ಟಿತ್ತು.

'ನಿಮ್ಮ ಮಾತು ನಾ ನಡಸ್ತೇನಿ ಉಸ್ತಾದ' ಎಂದುಕೊಂಡು ಮಡಿವಾಳೆಪ್ಪ ಅದನ್ನೂ ಕತ್ತರಿಸಿ ಸೇವ್ ಒತ್ತಿದ. ಗುರುವಿನ ಮನೆಯ ಮರ್ಯಾದೆ ಉಳಿಸಿದೆನೆಂದು ಒಂದು ಚಹಾ ತರಿಸಿ ಕುಡಿದ.

ಹದಿನೈದು ದಿನ ಕಳೆದಿರಬೇಕು. ದೊಡವಾಡದ ಬಸ್ಸಿನಿಂದ ಸುಗರಾಬಿ ಒಬ್ಬರೇ ಇಳಿದು ಅಂಗಡಿಗೆ ಬಂದರು. ಅವನು ಎದ್ದು ಬೆಂಚು ಒರೆಸಿದ.

"ಇಸ್ರಾರನ ಅಪ್ಪನ ದನಿ ನಿನ್ನ ಅಂಗಡ್ಯಾಗ ಐತಿ ಅಂತ ಊರಾಗ ಎಲ್ಲಾರೂ ಅಂತಾರ, ಖರೇನ?"

"ಐತಿ ಚಾಚಿ! ಯಾವ ಪದ ಹಚ್ಚಲಿ?"

"ಪದ ಬ್ಯಾಡ. ಪದ ಊರಿಗೆಲ್ಲಾ ಹಾಡ್ಯಾರ." ಅವರು ಸೆರಗು ಎಳೆದುಕೊಂಡರು. "ಅವತ್ತ ನೀರ ಕೇಳಿದ್ರಲ್ಲಾ, ಅದನ್ನ ಹಚ್ಚು. ಲಗ್ನ ಆದಾಗಿಂದ ನಾಕ ಮಂದಿ ಮುಂದ ನನ್ನ ಹೆಸರ ಕರದದ್ದು ಅದ ಒಂದ ಸಲ. ನೀವೆಲ್ಲಾ ನಕ್ಕಿರಿ. ತಗದ ಬಿಡ್ರಿ ಅಂತ ಅವರೂ ಅಂದ್ರು. ನನ್ನ ಯಾರು ಕೇಳಿದ್ರು? ನನಗ ಅದು ಬೇಕಾಗಿತ್ತಪಾ."

ಮೌಸಿನ ಮೇಲಿಟ್ಟ ಕೈಯನ್ನು ಮಡಿವಾಳೆಪ್ಪ ಹಿಂದೆ ತೆಗೆದುಕೊಂಡ. ಆದರೂ ಧೈರ್ಯ ಬಿಡಲಿಲ್ಲ. ತಾನು ಕತ್ತರಿಸಿದ್ದು ತನ್ನ ಕಂಪ್ಯೂಟರಿನ ಪ್ರತಿಯನ್ನು, ಅಸಲಿ ವಿಜಯಾ ಮೇಡಂ ಹತ್ತಿರ ಇದ್ದೇ ಇರುತ್ತದೆ ಎಂದು ಅವನ ಲೆಕ್ಕ.

"ಇವತ್ತ ನೆಟ್ ಇಲ್ಲ ಚಾಚಿ. ಬರೂ ವಾರ ಬರ್ರಿ, ಹಚ್ಚತೇನಿ." ದಿನಾ ಗಿರಾಕಿಗಳಿಗೆ ಹೇಳುವ ಸುಳ್ಳಾದ್ದರಿಂದ ಸಲೀಸಾಗಿ ಬಂತು.

ಅವರು ಬಸ್ಸು ಹತ್ತಿದೊಡನೆ ಧಾರವಾಡಕ್ಕೆ ಫೋನು ಮಾಡಿದ. "ಮೇಡಂ, ಉಸ್ತಾದ್ರ ಆ ಪದದ ಅಸಲಿ ಕಳಸ್ರಿ."

"ನಿಮ್ಮ 'ಪದ' ಡ್ರೈವಿನಾಗ ತೆರೀತದಲ್ರಿ, ಅದ ಅಸಲಿ."

"ಅದನ್ನ ನಾ ಸ್ವಲ್ಪ ಕತ್ತರಿಸೇನ್ರಿ..."

ಅತ್ತ ಕಡೆ ವಿಜಯಾ ಕೀಲಿಮಣೆ ಒತ್ತುತ್ತ ಹುಡುಕಿದರು. ವಾರಕ್ಕೊಮ್ಮೆ ಭಂಡಾರದ ನಕಲು ಆಗುತ್ತಿತ್ತು, ಆದರೆ ಈಗ ಹಳೆಯ ನಕಲಿನ ಮೇಲೆ ಕತ್ತರಿಸಿದ್ದೇ ನಕಲಾಗಿಬಿಟ್ಟಿತ್ತು. ರೆಕಾರ್ಡರಿನ ಕಾರ್ಡಿನ ಮೇಲೆ ಬೇರೆ ಊರಿನ ಪದ ತುಂಬಿದ್ದರು. "ಎಲ್ಲೂ ಇಲ್ರಿ," ಎಂದರು ವಿಜಯಾ. ಹುಷಾರೆಂದು ಹೇಳಿದ್ದೆನಲ್ಲ ಎಂದು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. "ಅವರಿಗೆ ಇದ್ದದ್ದು ಇದ್ದಂಗ ಹೇಳಿಬಿಡ್ರಿ," ಎಂದಷ್ಟೇ ಹೇಳಿ ಫೋನು ಇಟ್ಟರು.

ಹೇಳುವುದು ಅಷ್ಟು ಸುಲಭವಿದ್ದರೆ ಲೋಕದಲ್ಲಿ ಸುಳ್ಳೇ ಇರುತ್ತಿರಲಿಲ್ಲ. ಆ ವಾರ ಮಡಿವಾಳೆಪ್ಪ ಯಾರಿಗೂ ಪರದೆ ತೋರಿಸಲಿಲ್ಲ. ರೊಟ್ಟಿ ಮುರಿದು ಹಾಗೇ ಕೂಡುತ್ತಿದ್ದ. "ಏನಾಗೇತಿ ನಿಮಗ?" ಎಂದು ಗುರವ್ವ ಕೇಳಿದರೆ ಅವಳ ಮೇಲೇ ರೇಗಿದ. ಅವನಿಗೆ ಆಗಿದ್ದದ್ದು ನಾಚಿಕೆ. ಯಾವ ಮಾತಿಗೆ ತಾನು ಹಲ್ಲು ಕಿರಿದಿದ್ದನೋ ಆ ಮಾತನ್ನು ಒಬ್ಬಾಕೆ ಪರದೆಯ ಹಿಂದೆ ನಿಂತು ಬಂಗಾರದಂತೆ ಕಟ್ಟಿಟ್ಟುಕೊಂಡಿದ್ದಳು. ಅದನ್ನು ತಾನು ಮರ್ಯಾದೆಯ ಹೆಸರಿನಲ್ಲಿ ಕತ್ತರಿಸಿ ಚೆಲ್ಲಿದ್ದ. ಈ ಮುಖ ಇಟ್ಟುಕೊಂಡು ದೊಡವಾಡದ ಮೇಳದ ಮುಂದೆ ಹೇಗೆ ನಿಲ್ಲುವುದು?

ಆಗ ಅವನಿಗೆ ತನ್ನ ಗಂಟಲು ನೆನಪಾಯಿತು.

ಮಧ್ಯಾಹ್ನ ಅಂಗಡಿಯ ಶಟರು ಎಳೆದ. ಫ್ಯಾನು ಬಂದ್ ಮಾಡಿದ. ಮೈಕಿನ ಮುಂದೆ ಕುಳಿತು "ಸುಗರಾ, ನೀರ ತಾ" ಎಂದ. ಮೊದಲು ನಾಟಕದವರ ದನಿ ಬಂತು. ಬೆವರು ಒರೆಸಿಕೊಂಡು ಒಂದು ಪದ ಪೂರ್ತಿ ಹಾಡಿ, ದಣಿದು, ಉಸಿರು ಬಿಟ್ಟು ಮತ್ತೆ ಅಂದ. ಕೇಳಿಸಿಕೊಂಡರೆ ಅವನ ಮೈಯೇ ಜುಮ್ಮೆಂದಿತು. ಉಸ್ತಾದರೇ! ಒಂದು ಗಳಿಗೆ ಹೆಮ್ಮೆಯಾಯಿತು. ಆ ಹೆಮ್ಮೆಗೆ ಮರುಗಳಿಗೆಯಲ್ಲಿ ಇನ್ನಷ್ಟು ನಾಚಿಕೆಯಾಯಿತು. ಆದರೂ ಆ ಮಾತನ್ನು ಉಸ್ತಾದರ ಪದದ ತುದಿಗೆ ಅಂಟಿಸಿ, 'ಪದ' ಡ್ರೈವಿನಲ್ಲೇ ಸೇವ್ ಒತ್ತಿದ. ಅದು ಎಲ್ಲಿಗೆ ಹೋಗಿ ಕೂಡುತ್ತದೆ ಎಂದು ಈ ಸಲ ತಿಳಿದೇ ಒತ್ತಿದ.

ಹೇಳಿದ ವಾರ ಸುಗರಾಬಿ ಬಂದರು. ಅವನು ಮುಖ ಎತ್ತದೆ ಹಚ್ಚಿದ. ಉಸ್ತಾದರ ಪದ ಅಂಗಡಿ ತುಂಬಿತು, ಮುಗಿಯಿತು. ಉಸಿರು ಬಿಟ್ಟ ಸಪ್ಪಳ.

"ಸುಗರಾ, ನೀರ ತಾ."

ಸುಗರಾಬಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು. "ಇನ್ನೊಮ್ಮಿ," ಎಂದರು. ಅವನು ಇನ್ನೊಮ್ಮೆ ಹಚ್ಚಿದ. ಈ ಸಲ ಅವರು ಕಣ್ಣು ತೆರೆದರು; ಪರದೆಯನ್ನಲ್ಲ, ಅವನನ್ನು ನೋಡಿದರು.

"ದನಿ ಬರೋಬರಿ ಐತಿ," ಎಂದರು. "ಕಲಿಸಿದವರು ಅವರ ಅಲ್ಲಾ. ಆದ್ರ ನನ್ನ ಹೆಸರ ಕರಿಯೂವಾಗ ಅವರು ಹಿಂಗ ಅಂಜತಿದ್ದಿಲ್ಲ."

ಮಡಿವಾಳೆಪ್ಪ ತಪ್ಪಾಯಿತೆನ್ನಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಸುಗರಾಬಿ ಎದ್ದರು. ಮೂಲೆಯ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು, ಕೀಲಿಮಣೆಯ ಪಕ್ಕದಲ್ಲಿ ಅವನ ಮುಂದೆ ಇಟ್ಟರು.

"ತಗೋ, ಕುಡಿ. ನೀರ ಕೇಳಿದ್ಯಲ್ಲಾ."