ತಾರಸಿ ಮೇಲಿನ ಬಿಸಿಲು

ಬಾಣಂತಿ ಕೋಣೆಯ ಕಿಟಕಿಗೆ ಅಮ್ಮ ಹಳೇ ಸೀರೆ ತುರುಕಿದ್ದಳು. ಗುಬ್ಬಿಯಲ್ಲಿರುವ ನನ್ನ ತವರುಮನೆಯಲ್ಲಿ ಮೂರು ತಿಂಗಳಿಂದ ನಾನೂ ನನ್ನ ಮಗನೂ ಆ ಕತ್ತಲಲ್ಲೇ ಇದ್ದೆವು. ಅದು ೨೦೦೮ರ ಸಂಕ್ರಾಂತಿ ಕಳೆದ ಸಮಯ, ತಾರಸಿ ಮೇಲೆ ಹುಣಸೆಹಣ್ಣು ಹರವಿದ್ದರು. ಅದಕ್ಕೆ ದಿನವಿಡೀ ಬಿಸಿಲು, ನಮಗೆ ಸಾಂಬ್ರಾಣಿ ಹೊಗೆ. ಒಮ್ಮೆ ಆಸೆ ತಡೆಯದೆ ಬಾಗಿಲ ಸಂದಿಯ ಬೆಳಕಿಗೆ ಕಾಲು ಚಾಚಿ ಕೂತಿದ್ದೆ. ಅಮ್ಮ ಬಂದು ಬಾಗಿಲು ಎಳೆದುಕೊಂಡು ಹೋದಳು.

ಜಗಳವಾಡದ ದಿನವಿಲ್ಲ. ಆದರೂ ಒಂದು ಮಿತಿ ಮೀರಿ ನಾನು ಬಾಯಿ ಬಿಡುವಂತಿರಲಿಲ್ಲ. ನನಗಿಂತ ಮೊದಲು ಅಮ್ಮನಿಗೆ ಗಂಡುಮಗು ಹುಟ್ಟಿ, ನಿಟ್ಟೂರಿನ ಅವಳ ತವರಿನಲ್ಲಿ, ಇಂಥದ್ದೇ ಕೋಣೆಯಲ್ಲಿ, ನೆಗಡಿ ಎದೆಗಿಳಿದು ತೀರಿಕೊಂಡಿತ್ತು. ಎಲ್ಲೋ ಗಾಳಿ ಸೋಕಿತು ಅಂತ ಅವಳ ನಂಬಿಕೆ. ಇವತ್ತಿಗೂ ಅವನ ಓರಗೆಯವರು ಯಾರಾದರೂ ಮನೆಗೆ ಬಂದರೆ ಅವರ ಮುಖವನ್ನೇ ನೋಡುತ್ತಾ ನಿಂತುಬಿಡುತ್ತಾಳೆ. ಅದಕ್ಕೇ ನನ್ನ ಮಗನಿಗೆ ಕುಲಾವಿ ಮೇಲೆ ಕುಲಾವಿ.

ಇಷ್ಟಾದರೂ ಮಗುವಿಗೆ ನೆಗಡಿ ಬಂತು, ಹೋಯಿತು, ಮತ್ತೆ ಬಂತು. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯತೊಡಗಿದಾಗ ನನ್ನ ಗಂಡ ಲಕ್ಷ್ಮೀಕಾಂತ್ ತುಮಕೂರಿಂದ ಕಾರು ಮಾಡಿಕೊಂಡು ಬಂದರು. ಅಮ್ಮನೂ ಜೊತೆಗೆ ಹೊರಟಳು. ತುಮಕೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಮಗು ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ, ಇಬ್ಬರಿಗೂ ವಿಟಮಿನ್ ಡಿ ತೀರಾ ಕಡಿಮೆ ಅಂದರು. ನೆಗಡಿ ತರುವುದು ವೈರಸ್ಸೇ, ಆದರೆ ಅದರ ಜೊತೆ ಗುದ್ದಾಡಲು ಮೈಗೆ ಈ ವಿಟಮಿನ್ನೂ ಬೇಕು, ಬಿಸಿಲು ಬಿದ್ದರೆ ಮೈಯೇ ಅದನ್ನು ಮಾಡಿಕೊಳ್ಳುತ್ತೆ ಅಂತ ವಿವರಿಸಿದರು. ಡ್ರಾಪ್ಸ್ ಬರೆದುಕೊಟ್ಟು, ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂರಿ ಅಂದರು.

ನನಗೋ ಗೆದ್ದ ಹುರುಪು. ಅಮ್ಮನಿಗೆ ಒಂದು ಮಾತು ಚುಚ್ಚಬೇಕು ಅಂತಿದ್ದೆ. ಅಷ್ಟರಲ್ಲಿ ಅವಳೇ ಡಾಕ್ಟರಮ್ಮನನ್ನು, ಹಿಂದಿನ ಕಾಲದ ಮಕ್ಕಳಿಗೂ ಹೀಗೇ ಆಗಿರಬಹುದಾ ಅಂತ ಕೇಳಿದಳು. ಈಗ ಹೇಗೆ ಹೇಳೋದಮ್ಮ, ಇದೊಂದೇ ಕಾರಣ ಅನ್ನೋಕಾಗಲ್ಲ ಅಂದರು ಅವರು. ಗುಬ್ಬಿ ತಲುಪುವವರೆಗೂ ಅಮ್ಮ ಮಗುವಿನ ಮುಖವನ್ನೇ ನೋಡುತ್ತಾ ಕೂತಿದ್ದಳು. ನನ್ನ ಚುಚ್ಚುಮಾತು ನನ್ನ ಬಾಯಲ್ಲೇ ಉಳಿಯಿತು.

ಮಾರನೇ ದಿನ ಬಿಸಿಲೇರಿದ ಮೇಲೆ ಅಮ್ಮನೇ ಮಗುವನ್ನು ಎತ್ತಿಕೊಂಡು ತಾರಸಿ ಹತ್ತಿದಳು. ಹುಣಸೆಹಣ್ಣಿನ ಚಾಪೆ ಸರಿಸಿ ಕೂತು, ಕುಲಾವಿ ಬಿಚ್ಚಿ, ಅಂಗಿ ಬಿಚ್ಚಿ, ಮಡಿಲಲ್ಲಿ ಮಲಗಿಸಿಕೊಂಡಳು. ಮಗು ಕಣ್ಣು ಕಿರಿದು ಮಾಡಿ ಕೈಕಾಲು ಆಡಿಸಿತು. ಹಿಂದೆಯೇ ಹತ್ತಿ ಪಕ್ಕದಲ್ಲಿ ಕೂತ ನನಗೆ, ಬೆನ್ನಿಗೆ ಬಿಸಿಲು ತಾಗಿದ್ದೇ ಅಳು ಬಂತು.

ಅಮ್ಮ ಮಗುವಿನ ಹೊಟ್ಟೆ ಸವರುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಅವನ್ನ ಹೊರಗೆ ತಂದಿದ್ದು ಒಂದೇ ಸಲ ಕಣೇ ಮಂಜು. ಮಣ್ಣಿಗೆ ಎತ್ಕೊಂಡು ಹೋಗುವಾಗ. ಆಗ್ಲೂ ಗಾಳಿ ಸೋಕುತ್ತೆ ಅಂತ ಕೋಣೆ ಒಳಗೇ ಕುಲಾವಿ ಕಟ್ಟಿ ಕಳಿಸ್ದೆ. ಬಿಸಿಲಲ್ಲಿ ಅವನ ಮುಖ ಹೆಂಗಿತ್ತೋ, ನಾನು ನೋಡ್ಲೇ ಇಲ್ಲ."