ಎಂಟು ನಿಮಿಷದಲ್ಲಿ ಅಪ್ಪನನ್ನು ಸಾಯಿಸಿದ್ದು

ನಮ್ಮ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ನನ್ನಂಥ ನಟ ನನಗಿಂತ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಮೊದಲನೇ ವರ್ಷ ನಾನು ಕೆಮ್ಮುವ ಮುದುಕನ ಪಾತ್ರ ಮಾಡಿದಾಗ ಮುಂದಿನ ಸಾಲಿನ ಏಳು ಜನಕ್ಕೆ ಕೆಮ್ಮು ಹತ್ತಿಕೊಂಡು ಹದಿನೈದು ದಿನ ಬಿಡಲಿಲ್ಲ. ಇದನ್ನು ನಂಬದವರಿದ್ದಾರೆ. ಇರಲಿ. ಈಗ ಹೇಳಹೊರಟಿರುವುದನ್ನು ನಂಬಿದರೆ ಸಾಕು. ಇದರಲ್ಲಿ ಹೋಗುವುದು ನನ್ನದೇ ಮರ್ಯಾದೆ. ಅಂಥ ಕಡೆ ನಾನು ಉಪ್ಪುಖಾರ ಹಚ್ಚುವವನಲ್ಲ.

ಎರಡನೇ ವರ್ಷದ ಕೊನೆಗೆ ಒಂದು ಪರೀಕ್ಷೆ. ಎಂಟು ನಿಮಿಷ, ಒಬ್ಬರೇ, ತಮ್ಮ ಬದುಕಿನಲ್ಲಿ ನಡೆದದ್ದನ್ನು ಅಭಿನಯಿಸಬೇಕು. ಕಟ್ಟುಕಥೆ ಕೂಡದು, ಬೇರೆಯವರದ್ದು ಕೂಡದು. ಪಾಸಾದವರು ಮೂರನೇ ವರ್ಷ ಅಭಿನಯಕ್ಕೆ. ಉಳಿದವರು ರಂಗದ ಹಿಂದಕ್ಕೆ, ಅಂದರೆ ಪರದೆ, ದೀಪ, ಮೊಳೆ, ಸುತ್ತಿಗೆ.

ನನ್ನ ಕಷ್ಟ ಏನೆಂದರೆ ನನಗೆ ಕಷ್ಟವೇ ಇರಲಿಲ್ಲ. ಅಪ್ಪ ಬಸ್ ಕಂಡಕ್ಟರ್. ಅವರು ‘ರೈಟ್’ ಎಂದರೆ ಎದುರು ರಸ್ತೆಯಲ್ಲಿ ನಿಂತ ಬಸ್ಸೂ ಹೊರಟುಬಿಡುತ್ತಿತ್ತು. ಅಮ್ಮನಿಗೆ ಮೂರು ಮನೆ ಆಚೆ ಚಮಚ ಬಿದ್ದರೂ ಕೇಳಿಸುತ್ತಿತ್ತು. ಸ್ಟೀಲಿನದೋ ಹಿತ್ತಾಳೆಯದೋ ಎಂದೂ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಅಕಾಲದಲ್ಲಿ ಸತ್ತಿರಲಿಲ್ಲ, ಯಾರೂ ಓಡಿಹೋಗಿರಲಿಲ್ಲ. ಚಿಕ್ಕಪ್ಪ ಒಮ್ಮೆ ಸಿಟ್ಟು ಮಾಡಿಕೊಂಡು ಹೊರಟಿದ್ದವರು ಊಟದ ಹೊತ್ತಿಗೆ ಹಿಂದಿರುಗಿದ್ದರು. ಕೊನೆಗೆ ನಾನು ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡದ್ದನ್ನೇ ಆರಿಸಿಕೊಂಡೆ. ಅಭ್ಯಾಸದಲ್ಲಿ ಮಾಡಿ ತೋರಿಸಿದಾಗ ತರಗತಿ ಇಡೀ ಆಕಳಿಸಿತು. ಒಬ್ಬಳು, ಸೈಕಲ್ಲಿಗೇನೂ ಆಗಲಿಲ್ಲ ತಾನೇ ಎಂದು ವಿಚಾರಿಸಿದಳು.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಕಂಬ. ಮೊದಲ ನಾಟಕದಲ್ಲಿ ಅರಮನೆಯ ಕಂಬವಾಗಿ ಒಂದೂವರೆ ಗಂಟೆ ಅಲ್ಲಾಡದೆ ನಿಂತು ಆ ಹೆಸರು ಸಂಪಾದಿಸಿದ್ದ. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದ ಮಾತನ್ನೆಲ್ಲ ನಾನೇ ಆಡುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅಂಗಿಗೆ ಇಸ್ತ್ರಿ ಹಾಕುತ್ತ, ನಾನು ಕೇಳದೆಯೇ, ತನ್ನ ಎಂಟು ನಿಮಿಷ ಏನೆಂದು ಹೇಳಿದ.

ಅವನ ಅಮ್ಮನಿಗೆ ಬಟ್ಟೆ ಗಿರಣಿಯ ಸದ್ದಿನಲ್ಲಿ ದುಡಿದು ದುಡಿದು ಕಿವಿ ಹೋಗಿತ್ತು. ಅವರನ್ನು ಕರೆಯಬೇಕೆಂದರೆ ಮನೆಯಲ್ಲಿ ದೀಪದ ಸ್ವಿಚ್ಚನ್ನು ಎರಡು ಸಲ ಒತ್ತುವುದು ರೂಢಿ. ಬೆಳಕು ಮಿಣುಕಿದರೆ ತಿರುಗಿ ನೋಡುತ್ತಿದ್ದರು. ಕಂಬನಿಗೆ ಹದಿನಾರಾಗಿದ್ದಾಗ ಅವನ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿಸಲು ಮನೆಗೆ ಬಂದರೆ ಅಮ್ಮ ಬೆನ್ನು ಹಾಕಿ ಕೂತು ಅಪ್ಪನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಇವನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ. ಒತ್ತಲಿಲ್ಲ. ಐದು ಗುಂಡಿ ಹೊಲಿದು ಮುಗಿಯುವವರೆಗೂ ಹಾಗೇ ನಿಂತಿದ್ದ.

ಆಮೇಲೇನಾಯಿತು ಎಂದು ಕೇಳಿದೆ. ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು ಸುತ್ತಿಡುತ್ತ, ಅದನ್ನು ಪರೀಕ್ಷೆಯ ದಿನವೇ ನೋಡು ಎಂದ.

ಪರೀಕ್ಷೆಯ ಸರದಿಗೆ ಚೀಟಿ ಎತ್ತಿದರು. ನನ್ನದು ನಾಲ್ಕು, ಕಂಬನದು ಐದು. ನಾನು ವೇದಿಕೆ ಹತ್ತಿದ್ದು ಸೈಕಲ್ಲಿನಿಂದ ಬೀಳಲೆಂದೇ. ಬೇಕಾದರೆ ಆಣೆ ಮಾಡುತ್ತೇನೆ. ಅಷ್ಟರಲ್ಲಿ ಅಭಿನಯದ ಮೇಡಂ ಕೈಗಡಿಯಾರ ನೋಡಿಕೊಂಡರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ಗಡಿಯಾರ. ನನ್ನಂಥ ನಟನಿಗೆ ಅದನ್ನು ಸಹಿಸಲಾದೀತೆ? ಗೋಡೆಯ ಹತ್ತಿರ ಹೋದೆ. ಅಲ್ಲೊಂದು ಸ್ವಿಚ್ಚಿದೆ ಎಂಬಂತೆ ಬೆರಳಿಟ್ಟೆ. ಬಾಯಿಂದ ಹೊರಟ ಮೊದಲ ಮಾತು, ನಮ್ಮಮ್ಮನಿಗೆ ಕಿವಿ ಕೇಳಿಸುವುದಿಲ್ಲ, ಎಂದು.

ಆಮೇಲೆ ನಿಲ್ಲಿಸಲು ಎಂಟು ನಿಮಿಷವಿತ್ತು. ನಿಲ್ಲಿಸಲಿಲ್ಲ. ಮಗನಾದೆ, ಅಮ್ಮನಾದೆ, ಸೂಜಿಗೆ ದಾರ ಪೋಣಿಸಿದೆ, ಬೆನ್ನು ತಿರುಗಿಸಿ ಕೂತು ಒಂದೊಂದೇ ಗುಂಡಿ ಹೊಲಿದೆ. ಕೊನೆ ಗೊತ್ತಿರಲಿಲ್ಲವಲ್ಲ, ನಾನೇ ಒಂದು ಮಾಡಿಕೊಂಡೆ: ಅಮ್ಮ ತಿರುಗಿದಳು, ಮಗನ ಮುಖದಲ್ಲೇ ಎಲ್ಲ ಓದಿಕೊಂಡಳು, ಬಾಚಿ ಅಪ್ಪಿಕೊಂಡಳು. ಸಭಾಂಗಣದಲ್ಲಿ ಹರಿದ ಕಣ್ಣೀರಿನಲ್ಲಿ ದೋಣಿ ಬಿಡಬಹುದಿತ್ತು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ನನ್ನ ಅಪ್ಪ ನಿಜವಾಗಿ ಬದುಕಿರಬಹುದು ಎಂದು ಅನುಮಾನಿಸುವವರು ಅಲ್ಲಿ ಯಾರೂ ಇರಲಿಲ್ಲ. ಎರಡು ವರ್ಷದಲ್ಲಿ ಅವರನ್ನು ಹಡಗಿನ ಕಪ್ತಾನ, ಕುಸ್ತಿ ಪೈಲ್ವಾನ, ಹುಲಿ ಹಿಡಿಯುವವ ಎಂದೆಲ್ಲ ಬಣ್ಣಿಸಿದ್ದೆ. ಎಲ್ಲ ಕೇಳಿ ಕೇಳಿ, ಹುಡುಗನಿಗೆ ಅಪ್ಪ ಇಲ್ಲ, ಪಾಪ, ಅದಕ್ಕೇ ಹೀಗೆ, ಎಂದು ಅಲ್ಲಿದ್ದವರು ಆ ದಿನ ಲೆಕ್ಕ ಹಾಕಿಕೊಂಡರು.

ಮುಂದಿನ ಸರದಿ ಎಂದು ಕೂಗಿದರು. ಕಂಬ ಬಂದ. ಕೈಯಲ್ಲೊಂದು ಸ್ಟೂಲು, ಹೆಗಲ ಮೇಲೆ ಇಸ್ತ್ರಿ ಮಾಡಿದ ಹಳೆಯ ಅಂಗಿ. ಸ್ಟೂಲನ್ನು ಕೆಳಗಿಟ್ಟ. ಅಂಗಿಯನ್ನು ಅದರ ಮೇಲಿಟ್ಟ.

“ನನ್ನ ಹತ್ತಿರ ಏನೂ ಇಲ್ಲ ಮೇಡಂ” ಎಂದ. ಅಂಗಿ, ಸ್ಟೂಲು ಎತ್ತಿಕೊಂಡು ಇಳಿದ.

ಕೋಣೆಗೆ ಬಂದಾಗ ಅವನು ಬೈಯಲಿ, ಹೊಡೆಯಲಿ ಎಂದು ಕಾದೆ. ಒಂದು ಏಟು ಬಿದ್ದಿದ್ದರೆ ಹತ್ತು ಬಿತ್ತು ಎಂದು ಹೇಳಿಕೊಂಡಾದರೂ ಹಗುರಾಗುತ್ತಿದ್ದೆ. ಅವನು ಅಂಗಿಯನ್ನು ಮಡಿಸಿ ಟ್ರಂಕಿನಲ್ಲಿಟ್ಟ.

“ನಾನು ಯಾರಿಗೂ ಹೇಳಲ್ಲ, ಹೆದರ್ಬೇಡ” ಎಂದ. ಆಮೇಲೆ, “ನಮ್ಮಮ್ಮ ಅಪ್ಪಿಕೊಳ್ಳಲಿಲ್ಲ ಕಣೋ.”

ಅಂಕಪಟ್ಟಿ ಶುಕ್ರವಾರ ಕಚೇರಿ ಸೇರಬೇಕಿತ್ತು. ಮರುದಿನ, ಬುಧವಾರ ಬೆಳಿಗ್ಗೆ, ಮೇಡಂ ಕೋಣೆಗೆ ಹೋಗಿ ಒಂದಕ್ಷರ ಬಿಡದೆ ಒಪ್ಪಿಕೊಂಡೆ. ಕಥೆ ಕಂಬನದು, ಕದ್ದವನು ನಾನು, ಅವನನ್ನು ಹಿಂದಕ್ಕೆ ಕಳಿಸಬೇಡಿ ಎಂದೆ. ಮೇಡಂ ಪೆನ್ನು ಕೆಳಗಿಟ್ಟು ಎದ್ದುಬಂದು ನನ್ನ ತಲೆ ಸವರಿದರು.

“ಎರಡು ವರ್ಷದಿಂದ ನೋಡ್ತಿದ್ದೀನಿ, ನೀನು ನಿಜ ಹೇಳಿದ್ದು ನಿನ್ನೆ ಒಂದೇ ದಿನ. ಗೆಳೆಯನ್ನ ಉಳಿಸೋಕೆ ಅದನ್ನೂ ಸುಳ್ಳು ಮಾಡ್ಕೋಬೇಡಪ್ಪ.”

ನಾನು ಎಷ್ಟು ಗೋಗರೆದೆನೋ ನನ್ನ ಮೇಲೆ ಅವರ ಅಭಿಮಾನ ಅಷ್ಟೂ ಹೆಚ್ಚಿತು. ಪಕ್ಕದ ಮೇಜಿನಲ್ಲಿದ್ದ, ರಂಗದ ಬೆಳಕು ಕಲಿಸುವ ಮೇಷ್ಟರನ್ನು ಕರೆದು, ಹುಡುಗನ ದೊಡ್ಡ ಮನಸ್ಸು ನೋಡಿ ಎಂದು ತೋರಿಸಿದರು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಗುರುವಾರ ಅವರಿಗೆ ರಜೆ. ಬನ್ನಿ ಎಂದೆ, ಯಾಕೆ ಎಂದು ಹೇಳಲಿಲ್ಲ.

ಅಪ್ಪ ಒಗೆದ ಅಂಗಿ ಹಾಕಿಕೊಂಡು, ಮಗನಿಗೆ ಬಹುಮಾನ ಬಂದಿದೆ ಎಂದುಕೊಂಡು ಬಂದರು. ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, ನಾನು ಇವನ ತಂದೆ ಎಂದರು. ಅವರ ದನಿಗೆ ಕಿಟಕಿಯ ಗಾಜು ನಡುಗಿತು. ಮೇಡಂ ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. ಅದೇ ಮೂಗು, ಅದೇ ದವಡೆ. ಇನ್ನು ಯಾವ ಸಾಕ್ಷಿ ಬೇಕು? ಅಮ್ಮನವರ ಕಿವಿ ಹೇಗಿದೆ ಎಂದು ಮಾತ್ರ ಕೇಳಿದರು. ಅಪ್ಪ ಅಮ್ಮನ ಚಮಚದ ಕಥೆಯನ್ನು, ನನ್ನದಕ್ಕಿಂತ ಎರಡು ಮನೆ ಹೆಚ್ಚು ದೂರ ಮಾಡಿ, ನಗುತ್ತ ಹೇಳಿದರು. ಮೇಡಂ ನಗಲಿಲ್ಲ. ನನ್ನ ಅಂಕದ ಮೇಲೆ ಗೀಟು ಹಾಕಿದರು. ನೀನು ಮುಂದಿನ ವರ್ಷ ರಂಗದ ಹಿಂದೆ, ನಿನ್ನ ಗೆಳೆಯನಿಗೆ ಸೋಮವಾರ ಇನ್ನೊಂದು ಅವಕಾಶ, ಎಂದರು.

ಮೆಟ್ಟಿಲಿಳಿಯುವಾಗ ಅಪ್ಪನಿಗೆ ಎಲ್ಲ ಹೇಳಲೇಬೇಕಾಯಿತು. ಅವರು ಕಂಬಿ ಹಿಡಿದು ನಿಂತರು.

“ನನ್ನ ಸಾಯಿಸಿದ್ಯಾ?” ಎಂದರು. ಆ ದನಿ ನಮ್ಮ ಅಪ್ಪನದೇ ಎಂದು ಗುರುತಿಸಲಾಗಲಿಲ್ಲ, ಅಷ್ಟು ಮೆಲ್ಲಗಿತ್ತು. “ಎಲ್ರಿಗೂ ಅಳು ಬಂತಾ?”

ಬಂತು ಎಂದೆ.

“ನಿನಗೆ?”

ನಾಲಿಗೆ ತುದಿಗೆ ಸುಳ್ಳು ಬಂದು ಕೂತಿತ್ತು. ಆಡಲಾಗಲಿಲ್ಲ. ಆ ಎಂಟು ನಿಮಿಷವೂ ನಾನು ಓರೆಗಣ್ಣಿನಲ್ಲಿ ಮೇಡಂ ಕನ್ನಡಕವನ್ನೇ ನೋಡುತ್ತಿದ್ದೆ. ಅಪ್ಪ ಉತ್ತರಕ್ಕೆ ಕಾಯದೆ, ನಾಲ್ಕೂವರೆ ಬಸ್ಸು ಸಿಗಬಹುದು ಎಂದು ಹೊರಟರು.

ಕಂಬನಿಗೆ ಸೋಮವಾರದ ವಿಷಯ ಹೇಳಿದೆ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಮಂಚದ ಮೇಲೆ ಕೂತೇ ಇದ್ದ.

“ಏನು ಮಾಡ್ಲಿ ಹೋಗಿ? ಅಮ್ಮ ಕೂತಿದ್ದ ರೀತಿ ನೆನೆಸ್ಕೊಂಡ್ರೆ ಈಗ ನಿನ್ನ ಬೆನ್ನು ಕಾಣುತ್ತೆ ನಂಗೆ.”

ಇದಕ್ಕೆ ಯಾವ ಮೇಡಂ ಹತ್ತಿರ ತಪ್ಪೊಪ್ಪಿಗೆ ಮಾಡಲಿ? ಅಂಕಕ್ಕಾದರೆ ಗೀಟು ಹಾಕಬಹುದು, ಇದಕ್ಕೆ?

ಸೋಮವಾರ ಅವನು ಹೋದ. ಮೇಡಂ ಬಿಟ್ಟರೆ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ಎಂಟು ನಿಮಿಷ ಕಳೆಯಿತು, ಹದಿನೈದಾಯಿತು. ಒಳಗಿಂದ ಒಂದು ಸದ್ದೂ ಬರಲಿಲ್ಲ. ನಮ್ಮಮ್ಮ ಆಗಿದ್ದರೆ ಕೇಳಿಸಿಕೊಳ್ಳುತ್ತಿದ್ದರೇನೋ. ಬಾಗಿಲು ತೆರೆದಾಗ ಮೊದಲು ಬಂದವರು ಮೇಡಂ. ಪಾಸು ಎಂದಷ್ಟೇ ಹೇಳಿ, ನನ್ನತ್ತ ನೋಡದೆ ಹೋದರು. ಹಿಂದೆ ಕಂಬ ಬಂದ. ಸ್ಟೂಲು ಕೊಡು, ನಾನು ತರ್ತೀನಿ ಎಂದೆ. ಕೊಡಲಿಲ್ಲ. ಮುಂದಿನ ವರ್ಷಕ್ಕೆ ಬೇರೆ ಕೋಣೆ ಬರೆಸಿಕೊಂಡ.

ಅಪ್ಪುಗೆ ನಾನು ಕಟ್ಟಿದ್ದು ಎಂದು ತಿಳಿದುಹೋಗಿರುವುದರಿಂದ, ಐದನೆಯ ಗುಂಡಿಯಾದ ಮೇಲೆ ನಿಜವಾಗಿ ಏನಾಯಿತು ಎಂದು ತರಗತಿಯವರು ಈಗಲೂ ನನ್ನನ್ನು ಪೀಡಿಸುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಕಥೆಗೆ ರಂಗು ಬರಲಿ ಎಂದು ಬಚ್ಚಿಡುತ್ತಿದ್ದಾನೆ ಎಂದುಕೊಂಡು ಅವರು ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ.