ನನ್ನ ಮೈಮೇಲಿನ ಕೆಂಪು ಗೆರೆ

ನಾನು ಒಂದು ಬಹುಮಾನದ ಕಪ್. ಬೆಳ್ಳಿಯದಲ್ಲ, ಹಿತ್ತಾಳೆಯದೂ ಅಲ್ಲ, ಮರದ್ದು. ಹಾಗೆಂದು ಮೂಗು ಮುರಿಯಬೇಡಿ. ಚನ್ನಪಟ್ಟಣದ ಬೊಂಬೆ ಕೆಲಸದ ಖಲೀಲ್ ಸಾಬರು ನನ್ನನ್ನು ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು ಸೊಂಟ ಕಡೆದರು. ಹಳದಿ ಅರಗು ಒತ್ತಿ, ತಾಳೆಗರಿಯಿಂದ ತಿಕ್ಕಿದರು. ಆಗ ಬಂದ ಹೊಳಪಿಗೆ ಪಕ್ಕದ ಬೊಂಬೆಗಳೆಲ್ಲ ಮಂಕಾದವು. ಆ ಜಂಬ ನನಗೆ ಇಂದಿಗೂ ಹೋಗಿಲ್ಲ.

ಅಲ್ಲಿಂದ ನಾನು ಸೇರಿದ್ದು ಊರಂಚಿನ ಸರ್ಕಾರಿ ಹೈಸ್ಕೂಲಿಗೆ. ನನ್ನ ಪಾದದ ಮೇಲೆ ‘ಊರಿಗೆ ಒದಗಿದ ಕೈಗೆ’ ಎಂದು ಬರೆಸಿದರು. ಪ್ರತಿ ವರ್ಷ ಹತ್ತನೇ ತರಗತಿಯವರ ಬೀಳ್ಕೊಡುಗೆಯ ದಿನ, ಊರವರಿಗೆ ನೆರವಾದ ಒಬ್ಬ ವಿದ್ಯಾರ್ಥಿಯ ಕೈಗೆ ನಾನು ಹೋಗುತ್ತಿದ್ದೆ. ನೆರವು ಪಡೆದವರೇ ವೇದಿಕೆ ಹತ್ತಿ ಅದನ್ನು ಹೇಳಬೇಕು, ಅದು ಅಲ್ಲಿಯ ಪದ್ಧತಿ. ಗೆದ್ದವರು ವರ್ಷವಿಡೀ ನನ್ನನ್ನು ಮನೆಯಲ್ಲಿಟ್ಟುಕೊಂಡು, ತಮ್ಮಿಷ್ಟದ ಬಣ್ಣದ ಒಂದು ಗೆರೆ ಹಾಕಿಸಿ ಮರಳಿಸುತ್ತಿದ್ದರು.

ನನ್ನನ್ನು ಕೊಡುತ್ತಿದ್ದವರು ಶಾಲಾ ಸಮಿತಿಯ ಅಧ್ಯಕ್ಷೆ ಹೊಂಬಾಳಮ್ಮ. ಅವರು ದನಿ ಎತ್ತಿದರೆ ಅಧಿಕಾರಿಗಳೂ ಎದ್ದು ನಿಲ್ಲುತ್ತಿದ್ದರು. ಆದರೆ ಹೆಸರಿನ ಚೀಟಿ ಕೊಟ್ಟಾಗ ಮಾತ್ರ, “ಕನ್ನಡಕ ಮನೇಲೇ ಬುಟ್ಬಂದಿವ್ನಿ ಸಾ, ನೀವೇ ಓದಿ” ಎಂದು ಹೆಡ್‌ಮೇಷ್ಟ್ರು ಚೌಡಯ್ಯನವರಿಗೆ ದಾಟಿಸುತ್ತಿದ್ದರು. ಪ್ರತಿ ವರ್ಷವೂ ಮರೆತೇ ಬರುತ್ತಿದ್ದರು.

ಆ ವರ್ಷ ಎಲ್ಲರ ಬಾಯಲ್ಲೂ ಮುಬೀನಾಳ ಹೆಸರಿತ್ತು. ಅವಳು ಹತ್ತನೇ ತರಗತಿಯವಳು, ಖಲೀಲ್ ಸಾಬರ ಮೊಮ್ಮಗಳು. ಸಾಬರು ಆಗಲೇ ಹಾಸಿಗೆ ಹಿಡಿದಿದ್ದರು. ತಾತ ಕಡೆದ ಕಪ್ಪನ್ನು ಅವರ ಕಣ್ಣೆದುರು ತಂದಿಡಬೇಕೆಂಬುದೇ ಅವಳ ಆಸೆ. ಸಂಜೆ ಹೊತ್ತು ಅವಳು ಯಾರಿಗೋ ಅಕ್ಷರ ಕಲಿಸುತ್ತಾಳೆಂದು ಟೀಚರುಗಳಿಗೆ ಗೊತ್ತಿತ್ತು. ಯಾರಿಗೆಂದು ಗೊತ್ತಿರಲಿಲ್ಲ.

“ಯಾರಿಗಮ್ಮ? ಅವರನ್ನ ಕರ್ಕೊಂಡ್ ಬಾ” ಎಂದರು ಚೌಡಯ್ಯನವರು.

“ಹೇಳಕ್ಕಾಗಲ್ಲ ಸರ್. ಮಾತು ಕೊಟ್ಟಿದೀನಿ.”

“ಹಂಗಾದ್ರೆ ಕಪ್ ಸಿಗಲ್ವಲ್ಲಮ್ಮ.”

“ಬೇಡ ಬಿಡಿ ಸರ್” ಎಂದಳು. ಹೇಳುವಾಗ ಮೇಜಿನ ಮೇಲಿದ್ದ ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ನನಗೆ ಸಂಕಟವಾಯಿತು.

ಬೀಳ್ಕೊಡುಗೆಯ ದಿನ ಬಂತು. “ಈ ವರ್ಷ ಕಪ್ ಯಾರಿಗೂ ಇಲ್ಲ” ಎಂದು ಚೌಡಯ್ಯನವರು ಘೋಷಿಸಿದರು. ಸಭೆ ಗುಸುಗುಸು ಎಂದಿತು. ಪಕ್ಕದ ಕುರ್ಚಿಯಲ್ಲಿದ್ದ ಹೊಂಬಾಳಮ್ಮ ಸೆರಗು ಹಿಂಡುತ್ತ ಮುಬೀನಾಳ ಕಡೆ ನೋಡಿದರು. ಜಮಖಾನೆಯ ಮೇಲೆ ಕೂತಿದ್ದ ಅವಳು ಮೆಲ್ಲಗೆ ಬೇಡವೆಂದು ತಲೆಯಾಡಿಸಿದಳು.

ಹೊಂಬಾಳಮ್ಮ ಎದ್ದರು. ನನ್ನನ್ನು ಎತ್ತಿ ಮೈಕಿನ ಮುಂದೆ ಹಿಡಿದು, ಪಾದದ ಮೇಲೆ ಬೆರಳಿಟ್ಟರು. ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸಿದರು.

“ಊ... ರಿ... ಗೆ... ಒದ... ಗಿದ... ಕೈ... ಗೆ.”

ಓದಿ ಮುಗಿಸಿ ಸಭೆಯ ಕಡೆ ತಿರುಗಿದರು.

“ಇಷ್ಟ್ ವರ್ಸ ನಾನು ಕನ್ನಡಕ ಮರ್ತು ಬರ್ತಿರ್ಲಿಲ್ಲ ಕಣ್ರಪ್ಪ. ನಂಗೆ ಓದಕ್ಕೇ ಬರ್ತಿರ್ಲಿಲ್ಲ. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕ್ಸ್ಕಂಡು ಈ ಮಗೀನ್ ತಾವ ಓದಕ್ಕೆ ಕಲ್ತೆ. ನನ್ ಮಾನ ಉಳ್ಸಕ್ಕೆ ಕಪ್ಪೇ ಬ್ಯಾಡ ಅಂದವ್ಳೆ. ಬಾ ಮಗ, ಇಸ್ಕೋ!”

ಬಿದ್ದ ಚಪ್ಪಾಳೆಗೆ ಶಾಮಿಯಾನದ ಕಂಬಗಳೇ ಅಲುಗಿದಂತಾಯಿತು. ಹೊಂಬಾಳಮ್ಮನ ಕೈಯಿಂದ ಮುಬೀನಾಳ ಕೈಗೆ ಹೋಗುವಾಗ ನನಗೆ ಆದ ಹೆಮ್ಮೆ, ಚಿನ್ನದ ಕಪ್ಪಿಗೂ ಆಗಿರಲಾರದು.

ಆ ಸಂಜೆ ಖಲೀಲ್ ಸಾಬರು ಹಾಸಿಗೆಯಿಂದ ಎದ್ದು ಕೂತು ನನ್ನ ಮೈ ತಡವಿದರು. ಆಮೇಲೆ ಯಂತ್ರದ ಹತ್ತಿರ ಕುರ್ಚಿ ಹಾಕಿಸಿಕೊಂಡು, ಮೊಮ್ಮಗಳ ಕೈ ಹಿಡಿದು ಕೆಂಪು ಗೆರೆ ಹಾಕಿಸಿದರು. ಅದು ಒಂದು ಕಡೆ ಚೂರು ದಪ್ಪವಾಯಿತು. “ಇರಲಿ ಬಿಡು, ಅದೇ ಚೆಂದ” ಎಂದರು.

ಈಗ ನನ್ನ ಮೈಮೇಲೆ ಹೊಸ ಗೆರೆಗೆ ಜಾಗವಿಲ್ಲ. ನನ್ನ ಕೆಲಸಕ್ಕೆ ಬೇರೊಂದು ಕಪ್ ಬಂದಿದೆ. ನಾನು ಹೆಡ್‌ಮೇಷ್ಟ್ರ ಕೋಣೆಯ ಗಾಜಿನ ಬೀರುವಿನಲ್ಲಿದ್ದೇನೆ. ನನ್ನನ್ನು ಎತ್ತಿ ತೋರಿಸಿದವರು ಬಹಳ ಮಂದಿ. ಓದಲೆಂದೇ ನಿಲ್ಲುವವರು ಹೊಂಬಾಳಮ್ಮ ಒಬ್ಬರೇ. ಮೀಟಿಂಗಿಗೆ ಬಂದಾಗಲೆಲ್ಲ ಗಾಜಿನ ಮೇಲೆ ಬೆರಳಿಟ್ಟು, ನನ್ನ ಪಾದದ ಅಕ್ಷರಗಳನ್ನು ತಡವರಿಸದೆ ಓದಿ ಹೋಗುತ್ತಾರೆ. ಈಗ ಅವರ ಮೂಗಿನ ಮೇಲೆ ನಿಜವಾಗಿಯೂ ಒಂದು ಕನ್ನಡಕವಿದೆ.